ಉಜ್ಜದೆ ಬಿಟ್ಟ ಪಂಚು

ರೈಲ್ವೆ ಸ್ಟ್ರೈಕ್ ಮುಗಿದ ವರ್ಷ ಸಾಂತಾಕ್ರೂಜಿನ ಔಷಧಿ ಕಾರ್ಖಾನೆಗೆ ಹೊಸ ಪಂಚುಗಳು ಬಂದವು. ಪುಡಿಯನ್ನು ಒತ್ತಿ ಗುಳಿಗೆ ಮಾಡುವ ಉಕ್ಕಿನ ಅಚ್ಚುಗಳವು. ಅವುಗಳ ಮುಖವನ್ನು ದಿನವೂ ಕನ್ನಡಿಯಾಗುವಂತೆ ಉಜ್ಜುವುದು ದಾನಪ್ಪನ ಕೆಲಸ. ಅವನು ಉಜ್ಜಿದ, ಗುಳಿಗೆಗಳು ನುಣ್ಣಗೆ ಉದುರಿದವು, ಸಾಹೇಬರು ಬೆನ್ನು ತಟ್ಟಿದರು. ಬೆನ್ನು ತಟ್ಟಿದ ಕೈಯೇ ನೋಟೀಸನ್ನೂ ಹಚ್ಚಿತು. ಕೆಟ್ಟ ಗುಳಿಗೆಗಳೇ ಇಲ್ಲವೆಂದ ಮೇಲೆ ಅವನ್ನು ಆರಿಸಿ ತೆಗೆಯಲು ಅಷ್ಟೊಂದು ಹೆಂಗಸರೇಕೆ? ಮುಂದಿನ ತಿಂಗಳಿಂದ ಅರ್ಧ ಜನ ಸಾಕು, ವಯಸ್ಸಾದವರು ಮೊದಲು ಹೊರಡಲಿ.

ವಯಸ್ಸಾದವರು ಎಂದರೆ ಹಾಲವ್ವ. ಇಂಡಿ ಕಡೆಯ ವಿಧವೆ, ಹಿಂದೆ ಮುಂದೆ ಯಾರೂ ಇಲ್ಲ. ದಾನಪ್ಪ ಬರಿಗೈಯಲ್ಲಿ ಮುಂಬೈಗೆ ಬಂದಿಳಿದಾಗ ಧಾರಾವಿಯ ತನ್ನ ಖೋಲಿಯಲ್ಲಿ ಜಾಗ ಕೊಟ್ಟು, ರೊಟ್ಟಿ ಬಡಿದು ಹಾಕಿ, ಕಂಡಕಂಡವರ ಕೈಕಾಲು ಹಿಡಿದು ಅವನಿಗೆ ಈ ಕೆಲಸ ಕೊಡಿಸಿದವಳು ಅವಳೇ.

ಊಟದ ಹೊತ್ತಿಗೆ ಅವಳು ದಾನಪ್ಪ ಕೂರುವ ಟೂಲ್ ರೂಮಿನ ಬಾಗಿಲಿಗೆ ಬಂದಳು.

“ಒಂದ ಪಂಚ್ ಉಜ್ಜಬ್ಯಾಡೋ ದಾನಪ್ಪಾ. ಒಂದಿಷ್ಟ ಕೆಟ್ಟ ಗುಳಿಗಿ ಬೀಳಲಿ. ನಾವು ಆರಿಸಿ ತಗದ್ರ, ನಾವೂ ಬೇಕು ಅಂತ ಅವ್ರಿಗೆ ತಿಳೀತೈತಿ.”

“ಮಂದಿ ಹೊಟ್ಟಿಗೆ ಹೋಗೂ ಮಾಲ್ ಅಕ್ಕಾ ಅದು.”

“ಹೋಗಾಕ ನಾ ಬಿಡತೀನೇನು?”

ಬಿಡುವವಳಲ್ಲ ಎಂದೇ ದಾನಪ್ಪ ನಂಬಿದ. ವರ್ಷಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳಲ್ಲವೇ. ಉಂಡ ಮನೆಗೆ ಎರಡು ಬಗೆಯಬಾರದು ಎಂಬುದೂ ಅವನಿಗೆ ಗೊತ್ತಿತ್ತು. ಆದರೆ ಅವನು ಉಂಡ ಮನೆ ಯಾವುದು, ಕಾರ್ಖಾನೆಯೋ ಹಾಲವ್ವನ ಖೋಲಿಯೋ? ಒಂದು ಪಂಚನ್ನು ಒರಟಾಗಿಯೇ ಬಿಟ್ಟು ಮಷೀನಿಗೆ ಹಾಕಿದ.

ಮರುದಿನ ಆ ಪಂಚಿಗೆ ಪುಡಿ ಅಂಟಿ, ಅದು ಒತ್ತಿದ ಗುಳಿಗೆಗಳ ಮೇಲೆಲ್ಲ ಸಿಡುಬಿನ ಕಲೆಯಂಥ ಕುಳಿಗಳು ಬಿದ್ದವು. ಹೆಂಗಸರು ಅವನ್ನು ಆರಿಸಿ ಬಕೆಟ್ಟು ತುಂಬಿಸಿದರು. ದಾನಪ್ಪನಿಗೆ ಒಳಗೊಳಗೇ ಖುಷಿ. ಸಂಜೆ ಸಾಹೇಬರು ಒಬ್ಬೊಬ್ಬರು ಪಾಸು ಮಾಡಿದ ತಟ್ಟೆಯನ್ನೂ ನೋಡುತ್ತ ಬಂದರು. ಉಳಿದವರ ತಟ್ಟೆಗಳು ಚೊಕ್ಕವಾಗಿದ್ದವು. ಹಾಲವ್ವನ ತಟ್ಟೆಯಲ್ಲಿ ಮಾತ್ರ ಕುಳಿಬಿದ್ದವೂ ಒಳ್ಳೆಯವೂ ಒಟ್ಟಿಗೇ ಕೂತಿದ್ದವು.

ಅವಳಿಗೆ ಕಾಣುತ್ತಿರಲಿಲ್ಲ. ದಾನಪ್ಪನ ನುಣುಪು ಪಂಚುಗಳಿಂದಾಗಿ ಆರಿಸುವಂಥದ್ದೇ ಬರುತ್ತಿರಲಿಲ್ಲವಾದ್ದರಿಂದ ಅದು ಯಾರಿಗೂ ತಿಳಿದಿರಲಿಲ್ಲ, ಅವಳಿಗೂ.

ಮುಂದಿನ ತಿಂಗಳವರೆಗೆ ಕಾಯದೆ ಅವತ್ತೇ ಅವಳನ್ನು ಕಳಿಸಿಬಿಟ್ಟರು. ಪಂಚು ಕೆಟ್ಟದ್ದು ಹೇಗೆಂದು ಸಾಹೇಬರು ಕೇಳಿದಾಗ ಹೇಡಿ ದಾನಪ್ಪ ಮಷೀನು ಒರೆಸುವವನಂತೆ ಬಗ್ಗಿಕೊಂಡ. ಹಾಲವ್ವನೇ ತನ್ನ ಹರಕು ಹಿಂದಿಯಲ್ಲಿ, ಉಕ್ಕೇ ಸರಿಯಿಲ್ಲ, ಹುಡುಗನ ತಪ್ಪೇನಿಲ್ಲ ಎಂದಳು.

ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ದಾನಪ್ಪ ಅವಳ ರಟ್ಟೆ ಹಿಡಿದುಕೊಂಡ.

“ಆ ಕುಳಿ ಭಾಳ ದೊಡ್ಡವಿದ್ವೇನೋ?” ಎಂದು ಕೇಳಿದಳು.

“ಇಲ್ಲ ಬಿಡಕ್ಕಾ, ಸಣ್ಣವು. ಯಾರಿಗೂ ಕಾಣೂವಲ್ಲ.”

ಹಾಲವ್ವ ಇನ್ನೆರಡು ಮೆಟ್ಟಿಲು ಹತ್ತಿ ನಿಂತಳು.

“ಮತ್ತ ಅವ್ರಿಗೆಲ್ಲಾ ಹ್ಯಾಂಗ ಕಂಡ್ವೋ, ದಾನಪ್ಪಾ?”