ಓಬವ್ವನ ಸರದಿ

ಬಿಳಿಚೋಡಿನ ಆ ಮನೆಯಲ್ಲಿ ಮನೆದೇವರು ಉಚ್ಚಂಗೆಮ್ಮನ ಗೂಡಿಗೆ ಸಂಜೆ ದೀಪ ಹಚ್ಚುವುದು ರಕ್ಷಾಳ ಕೆಲಸ. ತಿಂಗಳಿಗೊಮ್ಮೆ ಅವಳು ಹೊರಗಾದಾಗ ಮಾತ್ರ ಅವ್ವ ಓಬವ್ವ ಬೆಂಕಿಪೊಟ್ಟಣ ಹುಡುಕುತ್ತಾ, ತನ್ನ ಮಂಡಿಗೆ ಬೈಯುತ್ತಾ ಎದ್ದು ಬರುತ್ತಿದ್ದಳು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ದೀಪ ಹಚ್ಚಿದವರು ಯಾರು ಎಂದು ನೋಡಿದರೆ ಮನೆಮಂದಿಗೆಲ್ಲ ತಿಳಿಯುತ್ತಿತ್ತು.

ಆ ಶುಕ್ರವಾರ ಮಗಳು ಬತ್ತಿ ಹೊಸೆಯುವುದನ್ನು ನೋಡುತ್ತಾ ಕುಳಿತಿದ್ದ ಓಬವ್ವನಿಗೆ ಒಮ್ಮೆಲೇ ಹೊಳೆಯಿತು. ಯುಗಾದಿಯಾದ ಮೇಲೆ ತಾನು ಆ ಗೂಡಿನ ಹತ್ತಿರವೇ ಹೋಗಿಲ್ಲ. ಈಗ ಕಾರಹುಣ್ಣಿಮೆ ಬಂತು.

"ಏ ರಕ್ಷಾ, ನೀನು ಹೊರಗಾಗಿ ಎಷ್ಟು ದಿನ ಆತು?"

"ಎರಡು ಸಲ ತಪ್ಪೈತೆ ಅವ್ವ. ಯಾಕಂತ ನಂಗೂ ಗೊತ್ತಿಲ್ಲ."

ಓಬವ್ವ ಎದ್ದು ಬಾಗಿಲು ಮುಂದೆ ಮಾಡಿದಳು. ಮಗಳು ಪೊಲೀಸ್ ಕೆಲಸದ ಲಿಖಿತ ಪರೀಕ್ಷೆ ಪಾಸು ಮಾಡಿ, ಓಟದ ಪರೀಕ್ಷೆಗೆಂದು ದಿನಾ ನಸುಕಿನಲ್ಲಿ ಹೈಸ್ಕೂಲು ಮೈದಾನಕ್ಕೆ ಹೋಗುತ್ತಿದ್ದಳು. ಮೈದಾನಕ್ಕೆ ಹುಡುಗರೂ ಬರುತ್ತಾರೆ. ಅಷ್ಟು ಸಾಕಾಯಿತು ಓಬವ್ವನಿಗೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

"ಯಾರವನು?"

ರಕ್ಷಾಳಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮೈಯೆಲ್ಲ ಉರಿಯಿತು.

"ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗಾತು. ಯಾರೂ ಇಲ್ಲ ಅವ್ವ. ಹಂಗೇನೂ ಆಗಿಲ್ಲ."

"ನಾಳೆಯಿಂದ ಓಟ ಬಂದ್. ನಿಮ್ಮಪ್ಪಗೆ ತಿಳಿಯೋದ್ರೊಳಗೆ ನ್ಯಾಮತಿಗೆ ನಮ್ಮಣ್ಣಗೆ ಫೋನ್ ಮಾಡ್ತೀನಿ. ಅವನ ಮಗ ದುರುಗೇಶಗೆ ನಿನ್ನೇ ತರಬೇಕು ಅಂತ ಶಿವರಾತ್ರಿಯಿಂದ ಕೇಳ್ತಾನೆ."

ಅತ್ತರೆ ತಪ್ಪು ಒಪ್ಪಿಕೊಂಡಂತಾಗುತ್ತದೆಂದು ರಕ್ಷಾ ಅಳಲಿಲ್ಲ. ಹೆತ್ತವಳೇ ನಂಬದಿದ್ದರೆ ಇನ್ನು ಊರನ್ನು ನಂಬಿಸುವುದು ಹೇಗೆ? ನ್ಯಾಮತಿಗೆ ಸೊಸೆಯಾಗಿ ಹೋದರೆ ಖಾಕಿಯ ಆಸೆ ಅಲ್ಲಿಗೆ ಮುಗಿದ ಹಾಗೆ. ಅವಳು ದೀಪ ಹಚ್ಚಿ, ಕೈ ಮುಗಿದು, ತಿರುಗಿ ಹೇಳಿದಳು: "ನನ್ನ ಮಾತು ನಂಬಬ್ಯಾಡ. ನಾಳೆ ಜಗಳೂರು ಆಸ್ಪತ್ರೆಗೆ ನೀನೂ ಬಾ. ಡಾಕ್ಟ್ರು ಏನಂತಾರೋ ನಿನ್ನ ಕಿವಿಯಾರೆ ಕೇಳು. ಅಲ್ಲಿಗಂಟ ಮಾವಗೆ ಫೋನ್ ಮಾಡಬ್ಯಾಡ."

ಬಸ್ಸಿನಲ್ಲಿ ಓಬವ್ವ ಸೆರಗು ಮುಖದ ತನಕ ಎಳೆದುಕೊಂಡು ಕುಳಿತಳು, ಕಳುವು ಮಾಡಿದವಳು ತಾನೇ ಎಂಬಂತೆ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಏನು ತೊಂದರೆ ಎಂದು ಕೇಳಿದಾಗ, "ಮಂಡಿನೋವು ರೀ," ಎಂದುಬಿಟ್ಟಳು.

"ಮಂಡಿ ಅವ್ವಂದು ಸರ್," ಎಂದಳು ರಕ್ಷಾ. "ನಂಗೆ ಮುಟ್ಟು ನಿಂತೈತೆ. ಅದಕ್ಕೆ ಬರೀರಿ."

ಹಿಂದೆ ನಿಂತಿದ್ದವರು ಕತ್ತು ಉದ್ದ ಮಾಡಿದರು. ಮಾಡಲಿ, ಎಂದುಕೊಂಡಳು.

ಡಾಕ್ಟರ್ ನೇತ್ರಾವತಿ ಮೊದಲು ಓಬವ್ವನನ್ನು ಹೊರಗೆ ಕೂರಲು ಹೇಳಿದರು. ಅವ್ವ ಇಲ್ಲೇ ಇರಲಿ ಎಂದು ರಕ್ಷಾ ಹಟ ಹಿಡಿದಳು. ಮೂತ್ರ ಪರೀಕ್ಷೆಯಾಯಿತು. ಡಾಕ್ಟರು ಒಂದೇ ಗೆರೆ ಮೂಡಿದ ಪಟ್ಟಿಯನ್ನು ಓಬವ್ವನ ಕಣ್ಣೆದುರೇ ಹಿಡಿದರು.

"ಬಸಿರಿಲ್ಲಮ್ಮ. ಮುಟ್ಟು ತಪ್ಪಾಕೆ ಬಸಿರೊಂದೇ ಕಾರಣ ಅಲ್ಲ. ಚಿಂತೆ ಹಚ್ಚಿಕೊಂಡ್ರೂ ತಪ್ಪುತ್ತೆ, ಥೈರಾಯ್ಡ್ ಇದ್ರೂ ತಪ್ಪುತ್ತೆ, ತೂಕ ಒಮ್ಮೆಗೇ ಏರಿದ್ರೂ ಇಳಿದ್ರೂ ತಪ್ಪುತ್ತೆ. ರಕ್ತ ಪರೀಕ್ಷೆಗೂ ಬರೀತೀನಿ. ಏನು ಉಣ್ತೀಯ ನೀನು?"

ರಕ್ಷಾ ಒಂದೊಂದಾಗಿ ಹೇಳಿದಳು. ಮೈ ಹಗುರಾದರೆ ಕಾಲು ಚುರುಕಾಗುತ್ತವೆಂದು ರಾತ್ರಿಯೂಟಕ್ಕೆ ಒಂದು ಲೋಟ ಮಜ್ಜಿಗೆ ಅಷ್ಟೇ. ಮಂಗಳವಾರ, ಶುಕ್ರವಾರ ಒಪ್ಪತ್ತು.

"ಒಪ್ಪತ್ತು ಯಾಕೆ?"

"ಹರಕೆ. ಕೆಲಸ ಸಿಗಲಿ ಅಂತ ಅವ್ವ ಹೊತ್ತೈತೆ. ನಾನು ಮಾಡ್ತೀನಿ."

ಡಾಕ್ಟರು ಓಬವ್ವನ ಕಡೆ ತಿರುಗಿದರು. "ಮನೇಲಿ ಕಾಳು ಕಮ್ಮಿ ಆದ್ರೆ ಮೊದಲು ಏನು ನಿಲ್ಲಿಸ್ತೀರಿ? ಹೋಳಿಗೆನೋ, ಮುದ್ದೆನೋ?"

"ಹೋಳಿಗೆ."

"ಮೈನೂ ಹಂಗೇ ಮಾಡೈತೆ. ಉಸಿರು, ಎದೆಬಡಿತ ನಿಲ್ಲಿಸಾಕೆ ಆಗಲ್ಲ. ಮುಟ್ಟು ನಿಲ್ಲಿಸೈತೆ. ಹಿಂಗೇ ಬಿಟ್ರೆ ಮೂಳೆ ಸವೀತಾವೆ. ಸ್ವಲ್ಪ ದಿನ ಓಟ ಅರ್ಧ ಮಾಡು, ಊಟ ಪೂರ್ತಿ ಮಾಡು. ಆಮೇಲೂ ಆಗದಿದ್ರೆ ಮತ್ತೆ ಬಾ."

"ಓಟ ಬಿಡಬೇಕಾಗಿಲ್ಲ ಅಲ್ವಾ ಮೇಡಂ?"

"ಉಪವಾಸ ಬಿಡು. ಓಟ ಯಾಕೆ ಬಿಡ್ತೀಯ?"

ಹಿಂತಿರುಗುವ ಬಸ್ಸಿನಲ್ಲಿ ಓಬವ್ವ ಡಾಕ್ಟರ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ರಕ್ಷಾ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಮೈದಾನದಿಂದ ಬಂದಾಗ ತಟ್ಟೆಯಲ್ಲಿ ಎರಡು ರೊಟ್ಟಿ, ಬೇಯಿಸಿದ ಮೊಟ್ಟೆ, ಶೇಂಗಾ ಚಟ್ನಿ ಇದ್ದವು. ಓಬವ್ವ ಗೂಡಿನ ಮುಂದೆ ನಿಂತು ಉಚ್ಚಂಗೆಮ್ಮನ ಜೊತೆ ವ್ಯವಹಾರ ನಡೆಸಿದ್ದಳು.

"ಹರಕೆ ಹೊತ್ತಾಕಿ ನಾನು. ಬಾಯಿ ಕಟ್ಟಿದ್ದು ಕೂಸಿಂದು. ತಪ್ಪಾತು. ಇನ್ಮೇಲೆ ಒಪ್ಪತ್ತು ನಂದು, ಓಟ ಅವಳದು." ಆಮೇಲೆ, ದೇವಿಯ ಕಡೆಗೇ ಮುಖವಿಟ್ಟುಕೊಂಡು, ಮೆಲ್ಲಗೆ ಅಂದಳು: "ಮಗಳ ಮೇಲೆ ಆಡಬಾರದ ಮಾತು ಆಡಿದೆ. ಅವಳಿಗೂ ಹೇಳು."

ದೇವಿ ಹೇಳಿದಳೋ ಇಲ್ಲವೋ, ರಕ್ಷಾ ಎರಡೂ ರೊಟ್ಟಿ ತಿಂದು ಮೂರನೆಯದು ಕೇಳಿದಳು. ರಕ್ತ ಪರೀಕ್ಷೆಯಲ್ಲೂ ತೊಂದರೆ ಕಾಣಲಿಲ್ಲ. ಅಂದಿನಿಂದ ಅವಳು ಓಡಿದಷ್ಟೇ ಛಲದಿಂದ ಉಂಡಳು. ಕೆಲವು ದಿನ ಸೇರುತ್ತಿರಲಿಲ್ಲ. ಆದರೂ ಉಂಡಳು.

ನಾಗರಪಂಚಮಿ ಕಳೆದು, ಒಂದು ಮಂಗಳವಾರ ಸಂಜೆ ಹಿತ್ತಿಲಿನಿಂದ ಬಂದವಳು ಕಾಲು ತೊಳೆದು ನಡುಮನೆಗೆ ಬಾರದೆ ಹೊಸಿಲಲ್ಲೇ ನಿಂತಳು.

"ಅವ್ವಾ, ಇವತ್ತು ದೀಪ ನೀನೇ ಹಚ್ಚು."

ಓಬವ್ವ ಎದ್ದಳು. ಮಂಡಿಗೆ ಬೈಯಲು ಮರೆತಳು. ಬತ್ತಿ ಹೊತ್ತಿಕೊಂಡ ಮೇಲೆ ಕಣ್ಣೊರೆಸಿಕೊಂಡು, ಸೊಂಟದಿಂದ ಫೋನ್ ತೆಗೆದು ನ್ಯಾಮತಿಗೆ ಹಚ್ಚಿದಳು.

"ಅಣ್ಣಾ, ದುರುಗೇಶಗೆ ಬ್ಯಾರೆ ಕಡೆ ಹೆಣ್ಣು ನೋಡು. ನಮ್ಮಾಕಿ ಇನ್ನೂ ಓಡಬೇಕು."