ಮಿರೊಲಿಮಣ್ಣನ ಮನೆಯ ಚಹಾ

ಆಗಸ್ಟ್ ಕೊನೆ, ಬೆಳಗಿನ ಹೊತ್ತು. ಬಿಸಿಲು ಇನ್ನೂ ದ್ರಾಕ್ಷಿ ಚಪ್ಪರದ ಮೇಲೇ ಇತ್ತು, ಅಂಗಳಕ್ಕೆ ಇಳಿದಿರಲಿಲ್ಲ. ತಾಷ್ಕೆಂಟಿನ ನಮ್ಮ ಕೇರಿಯ ಫ್ರೆಂಚ್ ಶಾಲೆಯಲ್ಲಿ ಕಸ ಗುಡಿಸುವುದು, ಚಹಾ ಕಾಸುವುದು ನನ್ನ ಕೆಲಸ. ಮೊಮ್ಮಗಳು ಓಯ್ದಿನ್ ಅಲ್ಲೇ ಓದುತ್ತಿದ್ದಳು.

ಶಾಲೆ ಇದ್ದ ಮನೆಯನ್ನು ಯಜಮಾನರು ಮಾರಿಬಿಟ್ಟಿದ್ದರು. ತಿಂಗಳೊಳಗೆ ಬೇರೆ ಮನೆ ಸಿಗದಿದ್ದರೆ ಶಾಲೆ ಮುಚ್ಚಬೇಕು ಎಂದು ಮದಾಮ್ ಸೊಲೀನ್ ಹೇಳಿದ್ದರು. ಶಾಲೆಯ ಮುಖ್ಯಸ್ಥೆ ಆಕೆ. ರಷ್ಯನ್ ಮಾತು ಚೆನ್ನಾಗಿ ಕಲಿತು ಬಂದಿದ್ದರು, ಆದರೆ ಊರಿಗೆ ಹೊಸಬರು. ಅಷ್ಟು ಮಕ್ಕಳು ಹಿಡಿಸುವ ಖಾಲಿ ಮನೆ ಕೇರಿಯಲ್ಲಿ ಒಂದೇ, ಮಿರೊಲಿಮಣ್ಣನ ಇನ್ನೊಂದು ಮನೆ. ಆ ದಿನ ಮಿರೊಲಿಮಣ್ಣ ಮಾತಾಡಲು ಶಾಲೆಗೆ ಬಂದಿದ್ದರು.

ನಾನು ರೊಟ್ಟಿ ತರಲು ತಂದೂರಿನ ಹತ್ತಿರ ಹೋಗಿದ್ದೆ. ಬರುವಷ್ಟರಲ್ಲಿ ಮದಾಮ್ ಮರ್ಯಾದೆಗೆಂದು ತಾವೇ ಚಹಾ ಬಗ್ಗಿಸಿದ್ದರು. ಬಟ್ಟಲು ಅಂಚಿನವರೆಗೆ ತುಂಬಿತ್ತು. ನಮ್ಮಲ್ಲಿ ಬಂದವರಿಗೆ ತಳದಲ್ಲಿ ಸ್ವಲ್ಪವೇ ಹಾಕಿ, ಮತ್ತೆ ಮತ್ತೆ ಹಾಕುತ್ತಾ ಕೂರಿಸಿಕೊಳ್ಳುತ್ತೇವೆ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದ ಹಾಗೆ.

ಮಿರೊಲಿಮಣ್ಣ ಬಟ್ಟಲನ್ನೇ ನೋಡಿದರು. ಒಂದು ಗುಟುಕು ಕುಡಿದು, ಎದೆಯ ಮೇಲೆ ಕೈ ಇಟ್ಟು ತಲೆಬಾಗಿ ಹೊರಟರು. ಮನೆಯ ಮಾತೇ ಬರಲಿಲ್ಲ.

"ಎಷ್ಟು ವಿನಯ ಅಲ್ವಾ ಹೊಸಿಯತಮ್ಮ? ಮನೆ ಕೊಟ್ಟೇ ಕೊಡ್ತಾರೆ" ಎಂದರು ಮದಾಮ್.

"ನಾಳೆ ನಾವೇ ಅವರ ಮನೆಗೆ ಹೋಗೋಣ ತಾಯಿ" ಅಂದೆ. ಬೇರೇನೂ ಹೇಳಲಿಲ್ಲ. ಹೇಳಿದ್ದರೆ ಅಲ್ಲಿ ಬಾಯಿ ಬಿಡಲೂ ಹೆದರುತ್ತಿದ್ದರು.

ಮರುದಿನ ಮಿರೊಲಿಮಣ್ಣ ಅಂಗಳದ ಮಂಚದ ಮೇಲೆ ನಮ್ಮನ್ನು ಕೂರಿಸಿದರು. ಮುಖದಲ್ಲಿ ನಗು ಇರಲಿಲ್ಲ.

"ಏನು ಹೊಸಿಯತ್, ನಿಮ್ಮ ಶಾಲೇಲಿ ಬಂದವರನ್ನ ಬೇಗ ಕಳಿಸ್ತಾರಂತಲ್ಲ?"

"ಏನು ಮಾಡೋದಣ್ಣಾ, ಗಂಟೆ ಹೊಡೆದು ಹೊಡೆದು ಅಭ್ಯಾಸ" ಅಂದೆ.

ಮನೆಗೆ ಬಂದವರಿಗೆ ಮಾಡುವುದನ್ನು ಮಾಡಲೇಬೇಕಲ್ಲ. ಮದಾಮ್‌ಗೆ ತಳದಲ್ಲಿ ಸ್ವಲ್ಪ ಚಹಾ ಹಾಕಿ ಕೊಟ್ಟರು. ಆಕೆ ಒಂದೇ ಗುಟುಕಿಗೆ ಮುಗಿಸಿ ಬಟ್ಟಲು ಚಾಚಿದರು. ಮತ್ತೆ ಸ್ವಲ್ಪ. ಮತ್ತೆ ಚಾಚಿದರು. ಮದಾಮ್ ಹುಬ್ಬು ಗಂಟು ಹಾಕಿಕೊಂಡು, "ಇನ್ನೂ ಹಾಕ್ತೀರಾ?" ಎಂದರು. ಕೆಟಲ್ ಬರಿದಾಯಿತು. ಮಿರೊಲಿಮಣ್ಣ ಒಳಗಡೆ ತಿರುಗಿ, "ಇನ್ನೊಂದು ಕೆಟಲ್ ಇಡ್ರೇ, ಈ ತಾಯಿ ಕೂರೋಕೆ ಬಂದಿದ್ದಾರೆ" ಎಂದು ಕೂಗಿದರು. ಆಗ ಅವರ ಮೀಸೆ ಸ್ವಲ್ಪ ಅಲುಗಿತು.

"ನಿಮ್ಮ ಮಕ್ಕಳು ಗಲಾಟೆ ಮಾಡ್ತವಾ?"

"ತುಂಬಾ ಮಾಡ್ತವೆ" ಎಂದರು ಮದಾಮ್.

"ಮಾಡ್ಲಿ. ಆ ಮನೆ ಸುಮ್ಮನಿದ್ದೂ ಇದ್ದೂ ಬೇಜಾರು ಹಿಡಿದಿದೆ. ಬನ್ನಿ."

ವಾಪಸು ಬರುವಾಗ ಕಾಲುವೆ ಪಕ್ಕದಲ್ಲಿ ಮದಾಮ್ ಅಂದರು: "ಮನೆ ಕೊಟ್ಟರು, ದೊಡ್ಡ ಮನಸ್ಸು. ಚಹಾ ಹಾಕೋಕೆ ಮಾತ್ರ ಅಷ್ಟೊಂದು ಜಿಪುಣತನ ಯಾಕೆ? ನಾನೂ ಬಿಡ್ಲಿಲ್ಲ, ಗಂಟಲು ನೆನೆಯೋವರೆಗೂ ಕೇಳಿದೆ."

ಆಗ ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು.

"ಹಾಗಾದ್ರೆ ನಿನ್ನೆ ನಾನು ಅವರನ್ನ ಆಚೆ ಕಳಿಸಿದೆ?"

"ಹೂಂ ತಾಯಿ. ಇವತ್ತು ಅವರ ಅಂಗಳ ಬಿಟ್ಟು ಏಳೋದೇ ಇಲ್ಲ ಅಂತ ಕೂತ್ರಿ."

ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಕ್ಷಮೆ ಕೇಳಿ ಬರುತ್ತೇನೆಂದು ಹಿಂದಕ್ಕೆ ತಿರುಗಿದರು. ತೋಳು ಹಿಡಿದು ನಿಲ್ಲಿಸಿದೆ.

"ಈಗ ಹೋದ್ರೆ ಪಲಾವ್ ಮಾಡಿಸ್ತಾರೆ. ಸಂಜೆವರೆಗೂ ಬಿಡಲ್ಲ. ನನಗೆ ಅಂಗಳ ಗುಡಿಸೋದಿದೆ."

ಸಾಮಾನು ಸಾಗಿಸಲು ಕೇರಿಯವರೆಲ್ಲ ಕರೆಯದೆಯೇ ಬಂದರು. ನಮ್ಮಲ್ಲಿ ಅದು ವಾಡಿಕೆ. ಬೆಂಚು, ಕಪ್ಪುಹಲಗೆ, ಪುಸ್ತಕದ ಪೆಟ್ಟಿಗೆಗಳೆಲ್ಲ ಬೀದಿ ತುಂಬ ನಡೆದುಕೊಂಡು ಹೋದಂತೆ ಕಂಡಿತು. ಮಿರೊಲಿಮಣ್ಣ ಗೇಟಿನಲ್ಲಿ ನಿಂತು, ಯಾವುದು ಯಾವ ಕೋಣೆಗೆ ಎಂದು ಎಲ್ಲರಿಗೂ ತಪ್ಪು ತಪ್ಪಾಗಿ ಹೇಳುತ್ತಿದ್ದರು.

ಹಳೆಯ ಮನೆಯಿಂದ ಕೊನೆಗೆ ಹೊರಟವರು ಮದಾಮ್ ಮತ್ತು ನಮ್ಮ ಓಯ್ದಿನ್, ಗೋಡೆಯ ಭೂಪಟದ ಎರಡು ತುದಿ ಹಿಡಿದುಕೊಂಡು. ಅವತ್ತು ಭಾನುವಾರ; ಮರುದಿನ ಹೊಸ ಮನೆಯಲ್ಲಿ ಪಾಠ ಶುರುವಾಯಿತು.