ಮಾವನವರ ಅಕ್ಷರಾಭ್ಯಾಸ

ತೊಂಡೆ ಎಲೆಯನ್ನು ಸ್ಲೇಟಿಗೆ ಉಜ್ಜಿದಾಗ ಏಳುವ ಹಸಿ ಒಗರು ವಾಸನೆ ದಾಕ್ಷಾಯಣಿಯ ಪಾಲಿಗೆ ದ್ಯಾಮಮ್ಮನ ವಾಸನೆ. ಶಿವಮೊಗ್ಗದ ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ದ್ಯಾಮಮ್ಮ ಮಗ್ಗಿ, ಪದ್ಯ ಎಲ್ಲವನ್ನೂ ನೀರು ಕುಡಿದಂತೆ ಒಪ್ಪಿಸುತ್ತಿದ್ದಳು. ಬರೆ ಎಂದರೆ ಮಾತ್ರ ಬರೆದು ಅಳಿಸಿ, ಮತ್ತೆ ಬರೆದು ಮತ್ತೆ ಅಳಿಸಿ, ಕೈಯೆಲ್ಲ ಹಸಿರು ಮಾಡಿಕೊಳ್ಳುತ್ತಿದ್ದಳು. ಸೋಮಾರಿ ಎಂದು ಮೇಷ್ಟರು ಬೆತ್ತ ಬೀಸಿದರು. ಮೂರನೇ ಕ್ಲಾಸಿನ ನಂತರ ಅವಳು ಬರಲಿಲ್ಲ.

ಕಾಲೇಜು, ಟೀಚರ್ ಟ್ರೈನಿಂಗ್ ಎರಡನ್ನೂ ಮುಗಿಸಿದ ದಾಕ್ಷಾಯಣಿ ೧೯೫೮ರಲ್ಲಿ ಭದ್ರಾವತಿಯ ನ್ಯೂ ಟೌನಿಗೆ ಸೊಸೆಯಾಗಿ ಬಂದಳು. ಮಾವ ಉಜ್ಜನಪ್ಪ ಕಾರ್ಖಾನೆಯಲ್ಲಿ ಮೋಲ್ಡರ್. ಕರಗಿದ ಕಬ್ಬಿಣ ಹೊಯ್ಯುವುದಕ್ಕೆ ಮರಳಿನಲ್ಲಿ ಅಚ್ಚು ಕಟ್ಟುವ ಕೆಲಸ. ಅಚ್ಚಿನೊಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಬೆರಳಲ್ಲೇ ಕಂಡುಹಿಡಿಯುತ್ತಾರೆಂದು ಹೆಸರು. ಆ ವರ್ಷ ಮೇಸ್ತ್ರಿ ಜಾಗ ಖಾಲಿಯಾಯಿತು. ಅದು ಉಜ್ಜನಪ್ಪನವರಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಮೇಸ್ತ್ರಿಯಾದವನು ದಿನದ ಕೆಲಸದ ಚೀಟಿಯನ್ನು ಆಳುಗಳಿಗೆ ಓದಿ ಹೇಳಬೇಕು. ನಲವತ್ತು ದಿನ ಬಿಟ್ಟು ಫೋರ್‌ಮನ್ ಶೇಷಪ್ಪನವರ ಮುಂದೆ ಓದಿ ತೋರಿಸಬೇಕೆಂದು ಹೇಳಿ ಕಳಿಸಿದ್ದರು.

ಆ ಸಂಜೆ ಉಜ್ಜನಪ್ಪ ಹೆಂಡತಿ ವೀರಮ್ಮನಿಗೆ ಹೇಳುತ್ತಿದ್ದುದು ಅಡಿಗೆಮನೆಗೂ ಕೇಳಿಸಿತು.

"ನಾಲ್ಕು ವರ್ಷ ಶಾಲೆಗೆ ಹೋದೋನು ಕಣೇ ನಾನು. ಒಂದೊಂದೇ ಅಕ್ಷರ ಇದ್ರೆ ಗೊತ್ತಾಗ್ತವೆ. ಸಾಲಾಗಿ ನಿಂತ್ರೆ ಎಲ್ಲ ಕಲಸಿಹೋಗ್ತವೆ. ಮೇಸ್ತ್ರಿಕೆ ಬ್ಯಾಡ ಅಂದ್ಬಿಡ್ತೀನಿ."

ರಾಗಿ ಹಿಟ್ಟು ಜರಡಿಯಾಡುತ್ತಿದ್ದ ದಾಕ್ಷಾಯಣಿಯ ಕೈ ನಿಂತಿತು. ದ್ಯಾಮಮ್ಮನಿಗೆ ಆಗುತ್ತಿದ್ದುದೂ ಇದೇ. ಆಗ ಯಾರೂ ಕೇಳಿರಲಿಲ್ಲ, ಅವಳಿಗೆ ಹೇಳಲು ತಿಳಿದಿರಲಿಲ್ಲ.

ಮರುದಿನ ಅತ್ತೆಯ ಬಳಿ ಮೆಲ್ಲಗೆ ಮಾತೆತ್ತಿದಳು. "ಅತ್ತೆ, ಮಾವನವರು ಒಪ್ಪಿದ್ರೆ ನಾನು ಹೇಳಿಕೊಡ್ತೀನಿ."

"ಮಾವನಿಗೆ ಸೊಸೆ ಮೇಷ್ಟ್ರಾ? ಬೆತ್ತ ನಾನೇ ತಂದ್ಕೊಡ್ಲಾ ಮಾರಾಯ್ತಿ?" ಎಂದು ವೀರಮ್ಮ ನಕ್ಕರು. ನಕ್ಕರೂ ಗಂಡನನ್ನು ಕೇಳಿ ಒಪ್ಪಿಸಿದರು.

ಮಾವನ ಎದುರು ಸೊಸೆ ಕೂರುವ ವಾಡಿಕೆ ಆ ಮನೆಯಲ್ಲಿರಲಿಲ್ಲ. ಹಾಗಾಗಿ ಉಜ್ಜನಪ್ಪ ನಡುಮನೆಯಲ್ಲಿ, ದಾಕ್ಷಾಯಣಿ ಅಡಿಗೆಮನೆಯ ಬಾಗಿಲ ಮರೆಯಲ್ಲಿ ಎಂದು ಏರ್ಪಾಡಾಯಿತು. ಪುಸ್ತಕ ಬೇಡ, ಬೆರಳು ಬಲ್ಲ ಮರಳೇ ಸಾಕು ಎಂದು ಅವಳು ಹಲಗೆಯ ಮೇಲೆ ಹೊಳೆಯ ಮರಳು ಹರಡಿಟ್ಟಳು. ಉಜ್ಜನಪ್ಪ ಚಿಟಿಕೆ ಹಿಡಿದು ನೋಡಿ, "ಇದ್ರಲ್ಲಿ ಗೆರೆ ನಿಲ್ಲಲ್ಲ, ಜೇಡಿಮಣ್ಣು ಬೇಕು" ಎಂದು ತಾವೇ ಅದನ್ನು ಬೆರೆಸಿ, ಜರಡಿಯಾಡಿ, ತೇವ ಮಾಡಿ ಹದಕ್ಕೆ ತಂದರು.

ದಿನಕ್ಕೆ ಎರಡೇ ಅಕ್ಷರ. ಬಾಯಲ್ಲಿ ಅನ್ನುತ್ತ ದೊಡ್ಡದಾಗಿ ಬರೆಯಬೇಕು, ಅಳಿಸಬೇಕು, ಕಣ್ಣುಮುಚ್ಚಿ ಮತ್ತೆ ಬರೆಯಬೇಕು. ಕಲಿತ ಅಕ್ಷರಗಳಿಂದ ಆಗುವ ಪದಗಳನ್ನಷ್ಟೇ ಕೂಡಿಸಬೇಕು. ಬೆರಳಿಗೆ ಪಾಠವಾಗದೆ ಮುಂದಕ್ಕಿಲ್ಲ. ಅವಳು ಬಾಗಿಲ ಹಿಂದಿನಿಂದ ಹೇಳುವಳು, ಮಾವ ಬರೆಯುವರು, ವೀರಮ್ಮ ಬಗ್ಗಿ ನೋಡಿ "ಸರಿಯಾಗೈತೆ" ಎನ್ನುವರು.

ಹತ್ತು ದಿನ ಸಲೀಸಾಗಿ ನಡೆಯಿತು. ಹನ್ನೊಂದನೆಯ ದಿನ ಮಾವ ಮರಳು ಸವರಿ ಅಳಿಸದೆ ಶಿಫ್ಟಿಗೆ ಹೋಗಿದ್ದರು. ದಾಕ್ಷಾಯಣಿ ನೋಡಿದಳು. ಅವಳು ಹೇಳಿದ್ದ ಐದು ಪದಗಳಲ್ಲಿ ನಾಲ್ಕು ತಪ್ಪಿದ್ದವು.

"ಅತ್ತೆ, ಇದು ಸರಿ ಅಂದಿದ್ರಲ್ಲ?"

"ನಂಗೇನು ಓದೋಕೆ ಬರುತ್ತಾ? ಅವರ ಮುಖ ನೋಡಿ ಹೇಳ್ತಿದ್ದೆ." ವೀರಮ್ಮ ಸೆರಗಿನ ತುದಿ ಹಿಡಿದುಕೊಂಡರು. "ಈ ವಯಸ್ಸಲ್ಲಿ ಮಗು ಥರ ಕೂತು ಬರೀತಿರೋರಿಗೆ ತಪ್ಪು ಅಂತ ಹೆಂಗಮ್ಮ ಅನ್ನಲಿ?"

ದಾಕ್ಷಾಯಣಿಗೆ ಸಿಟ್ಟು ಬರಲಿಲ್ಲ. ಆದರೆ ಬಾಗಿಲ ಮರೆಯಿಂದ ಇದು ಆಗುವ ಕೆಲಸವಲ್ಲ ಎಂದು ತಿಳಿಯಿತು. ಆ ಸಂಜೆ ತಲೆಯ ಮೇಲೆ ಸೆರಗೆಳೆದುಕೊಂಡು, ಹೊಸ್ತಿಲು ದಾಟಿ, ಹಲಗೆಯ ಈಚೆ ಕೂತಳು. ಉಜ್ಜನಪ್ಪ ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ ಅಂಗೈಯಲ್ಲಿ ಮರಳು ಸವರಿದರು.

"ಮೊದ್ಲಿಂದ ಹೇಳಮ್ಮ."

ತಪ್ಪಿದಾಗ ಅವಳು ತಪ್ಪೆನ್ನಲಿಲ್ಲ. ಪಕ್ಕದಲ್ಲಿ ತಾನೂ ಬರೆದಳು. ಅವರು ಆ ಗೆರೆಯ ಮೇಲೆ ಬೆರಳೆಳೆದು, ಕಣ್ಣುಮುಚ್ಚಿ, ತಾವಾಗಿ ಬರೆದರು. "ಕಣ್ಣಿಗೆ ಅವಸರ. ಬೆರಳಿಗೆ ಇಲ್ಲ" ಎಂದರು ಒಂದು ದಿನ, ಯಾರಿಗೂ ಅಲ್ಲದಂತೆ. ಅಂದಿನಿಂದ ಕಲಿಕೆ ಆಮೆಯ ನಡಿಗೆಯಲ್ಲಾದರೂ ಹಿಂದಕ್ಕೆ ಸರಿಯಲಿಲ್ಲ.

ಚೀಟಿ ಓದುವ ದಿನ ಉಜ್ಜನಪ್ಪ ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು ರುಮಾಲು ಗೂಟಕ್ಕೆ ಹಾಕಿದರು.

"ಏನಾಯ್ತು, ಬಾಯಿ ಬಿಡಿ" ಎಂದರು ವೀರಮ್ಮ.

"ಎಂಟು ಸಾಲಿತ್ತು. ಐದನೇದ್ರಲ್ಲಿ ನಿಂತೋಯ್ತು. ತೊಡೆ ಮೇಲೆ ಬೆರಳಲ್ಲಿ ಬರ್ಕೊಳ್ತಾ ಕೂತೆ. ಶೇಷಪ್ಪನೋರು ನಶ್ಯದ ಡಬ್ಬಿ ತೆಗೆದು, ಮುಚ್ಚಳ ಬಿಗಿಯಾಗೈತೆ ಅಂತ ಕಿಟಕಿ ಕಡೆ ತಿರುಗಿದ್ರು. ನಾನು ಆ ಸಾಲು ಓದೋ ತನಕ ಮುಚ್ಚಳ ಬರ್ಲೇ ಇಲ್ಲ."

"ಕೊಟ್ರಾ?"

"ಒಂದನೇ ತಾರೀಕಿಂದ."

ವೀರಮ್ಮ ಮುದ್ದೆ, ಬಸ್ಸಾರು ಬಡಿಸಿ ತಟ್ಟೆ ತಂದಿಟ್ಟರು. ಕೈ ತೊಳೆದು ಬಂದ ಉಜ್ಜನಪ್ಪ ಕೂರುವ ಮೊದಲು ಕೇಳಿದರು. "ಹುಡುಗಿ ಉಂಡ್ಳಾ?"

"ಬೆಳಗ್ಗಿಂದ ನೀರೂ ಕುಡಿದಿಲ್ಲ. ನಿಮ್ದಾಗ್ದೆ ಅವಳೆಲ್ಲಿ ಉಣ್ತಾಳೆ?"

ಉಜ್ಜನಪ್ಪ ಬಗ್ಗಿ ತಟ್ಟೆ ಎತ್ತಿಕೊಂಡರು. ಅಡಿಗೆಮನೆಯ ಬಾಗಿಲಿಗೆ ಬಂದು ಅದನ್ನು ಸೊಸೆಯ ಕೈಗೆ ಕೊಟ್ಟರು.